ಸ್ವಂತ ಆರ್ಕಿಟೆಕ್ಟ್ ಆಫೀಸ್ ಶುರು ಮಾಡುತ್ತಿದ್ದೇನೆ. "ಮೊದಲು ಸ್ಕೆಚ್ ಕೊಡಿ, ಆಮೇಲೆ ಫೀಸ್ ಮಾತಾಡೋಣ" ಅನ್ನುವವರಿಗೆ ಏನು ಹೇಳುವುದು?

ಹೊಸಗೆರೆ
ಎಲ್ಲರಿಗೂ ನಮಸ್ಕಾರ. ದೊಡ್ಡ ಆಫೀಸೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಲೈಸೆನ್ಸ್ ಕೈಗೆ ಬಂದಿದೆ. ಈಗ ಸ್ವಂತವಾಗಿ ಶುರು ಮಾಡಬೇಕು ಅಂತಿದ್ದೇನೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ಟಾಯ್ಲೆಟ್ ಡೀಟೇಲ್, ಬಾಗಿಲು ಕಿಟಕಿಗಳ ಶೆಡ್ಯೂಲ್ (ಅಳತೆ, ಸಂಖ್ಯೆಗಳ ಪಟ್ಟಿ), ಸೀಲಿಂಗ್ ಪ್ಲಾನ್. ಕ್ಲೈಂಟ್ ಎದುರು ಕೂತದ್ದು ಕಡಿಮೆ. ಫೀಸ್ ಬಗ್ಗೆ ಮಾತಾಡಿದ್ದಂತೂ ಇಲ್ಲವೇ ಇಲ್ಲ.

ಪರಿಚಯದವರ ಕಡೆಯಿಂದ ಒಂದು ಮನೆ ಕೆಲಸ ಬಂದಿದೆ. ಅವರು ಹೇಳಿದ್ದು: "ಒಂದು ಪ್ಲಾನ್, ಒಂದು ತ್ರೀಡಿ ತೋರಿಸಿ. ಇಷ್ಟವಾದರೆ ಫೀಸ್ ಮಾತಾಡೋಣ. ಇನ್ನೂ ಇಬ್ಬರಿಗೆ ಹೇಳಿದ್ದೇವೆ." ಜನ ಒಳ್ಳೆಯವರು. ನನ್ನದು ಅಂತ ತೋರಿಸಲು ಇನ್ನೂ ಒಂದೂ ಕಟ್ಟಡವಿಲ್ಲ, ಹಾಗಾಗಿ ಕೆಲಸ ಬಿಡಲು ಮನಸ್ಸಿಲ್ಲ.

ಸುಮ್ನೆ ಸ್ಕೆಚ್ ಕೊಡಬಹುದಾ? ಫೀಸನ್ನು ಶೇಕಡಾ ಲೆಕ್ಕದಲ್ಲಿ ಹೇಳಬೇಕಾ, ಒಟ್ಟು ಮೊತ್ತ ಹೇಳಬೇಕಾ? ಒಬ್ಬರೇ ನಡೆಸುವ ಆಫೀಸಿಗೆ ಮೊದಲ ವರ್ಷ ಏನೇನು ಬೇಕು?

ಟಿ_ಸ್ಕ್ವೇರ್
ಕೊಡಬೇಡಿ.

ಮೇಜು_ದೀಪ
@ಟಿ_ಸ್ಕ್ವೇರ್ ಕೈತುಂಬ ಕೆಲಸ ಇದ್ದವರು ಹೇಳುವ ಮಾತು ಸರ್ ಅದು. ನಾನು ಶುರು ಮಾಡಿದಾಗ ಪುಕ್ಕಟೆ ಸ್ಕೆಚ್ ಕೊಟ್ಟೇ ಮೊದಲ ಕೆಲಸ ಹಿಡಿದದ್ದು. ಹೊಸಬರು ಏನನ್ನಾದರೂ ತೋರಿಸಲೇಬೇಕಲ್ಲ? ಹೆಸರಿಲ್ಲ, ಕಟ್ಟಡವಿಲ್ಲ. ಸ್ಕೆಚ್ ಕೂಡ ಇಲ್ಲ ಅಂದರೆ ಯಾವ ಧೈರ್ಯದ ಮೇಲೆ ಕೆಲಸ ಕೊಡುತ್ತಾರೆ?

ಸೈಟಿನವಳು
ನಾನು ಒಮ್ಮೆ ಕೊಟ್ಟಿದ್ದೆ. ಆಮೇಲೆ ಆ ಕಡೆಯಿಂದ ಫೋನೇ ಇಲ್ಲ. ಮನೆ ಎದ್ದಾಗ ನೋಡಿದರೆ ಮಧ್ಯದ ಅಂಗಳ, ಅದರ ಸುತ್ತ ಓಡಾಡುವ ಜಾಗ ಎಲ್ಲಾ ನನ್ನ ಪ್ಲಾನಿನದ್ದೇ. ಕಟ್ಟಿದವರು ಮಾತ್ರ ಬೇರೆಯವರು. ಅಂಗಳಕ್ಕೆ ಬೀಳುವ ಮಳೆನೀರು ಎಲ್ಲಿಗೆ ಹೋಗಬೇಕು ಅನ್ನುವುದು ಸ್ಕೆಚ್‌ನಲ್ಲಿ ಇರಲಿಲ್ಲ, ಅದು ಮುಂದಿನ ಹಂತದ ಕೆಲಸ. ಅವರು ಅದನ್ನು ಯೋಚಿಸಲೇ ಇಲ್ಲ. ಈಗ ನೀರು ಹಾಲ್‌ಗೆ ಬರುತ್ತದೆಯಂತೆ. ನನಗೆ ದುಡ್ಡು ಹೋದದ್ದಕ್ಕಿಂತ ಅದೇ ಜಾಸ್ತಿ ಬೇಜಾರು.

ಟಿ_ಸ್ಕ್ವೇರ್
ಸರಿ, ಬಿಡಿಸಿ ಹೇಳುತ್ತೇನೆ. ನಮ್ಮ ಕೆಲಸದಲ್ಲಿ ಬೆಲೆ ಇರುವುದು ಮೊದಲ ಯೋಚನೆಗೆ. ಮನೆ ಎಲ್ಲಿ ಕೂರಬೇಕು, ಬೆಳಕು ಯಾವ ಕಡೆಯಿಂದ, ಮೆಟ್ಟಿಲು ಎಲ್ಲಿ, ಇದೆಲ್ಲ ನಿರ್ಧಾರವಾಗುವುದು ಅಲ್ಲೇ. ಮುಂದಿನ ಡ್ರಾಯಿಂಗ್‌ಗಳೆಲ್ಲ ಆ ನಿರ್ಧಾರದ ಬೆನ್ನು ಹಿಡಿದು ಬರುವಂಥವು. ಆ ಮೊದಲ ಭಾಗವನ್ನೇ ಪುಕ್ಕಟೆ ಕೊಟ್ಟರೆ ಉಳಿದದ್ದಕ್ಕೆ ಫೀಸ್ ಕೇಳುವಾಗ ಕ್ಲೈಂಟ್ ಕಣ್ಣಿಗೆ ನೀವು ಬರೀ ಗೆರೆ ಎಳೆಯುವವರಾಗಿ ಕಾಣುತ್ತೀರಿ.

ಇನ್ನೊಂದು ವಿಷಯ. ಜಾಗ ಸರಿಯಾಗಿ ನೋಡದೆ, ಅವರ ಬಜೆಟ್ ಕೇಳದೆ ಮಾಡಿದ ಸ್ಕೆಚ್ ಬರೀ ಊಹೆ. ಚೆಂದ ಕಾಣುತ್ತದೆ, ಅವರು ಅದಕ್ಕೆ ಮನಸ್ಸು ಕೊಡುತ್ತಾರೆ. ಆಮೇಲೆ ಖರ್ಚು ಲೆಕ್ಕ ಹಾಕಿದಾಗ ಅರ್ಧ ಕಿತ್ತುಹಾಕಬೇಕಾಗುತ್ತದೆ. ಕೆಲಸ ಶುರುವಾಗುವ ಮೊದಲೇ ನೀವು ಮಾತು ತಪ್ಪಿದವರಾಗುತ್ತೀರಿ.

ಬದಲಿಗೆ ಚಿಕ್ಕದೊಂದು ಕೆಲಸವನ್ನು ದುಡ್ಡಿಗೆ ಮಾಡಿಕೊಡಿ. ಜಾಗ ನೋಡಿ ಒಂದು ವರದಿ. ಸುತ್ತ ಎಷ್ಟು ಬಿಡಬೇಕು, ಎಷ್ಟು ಕಟ್ಟಬಹುದು, ಜಾಗದ ಏರಿಳಿತ, ಬಿಸಿಲು ಗಾಳಿ, ಚರಂಡಿಯ ಮಟ್ಟ, ಅವರು ಕೇಳಿದ ರೂಮುಗಳಿಗೆಲ್ಲ ಒಟ್ಟು ಎಷ್ಟು ವಿಸ್ತೀರ್ಣ ಬೇಕು, ಅವರ ಬಜೆಟ್‌ಗೆ ಅದು ಹೊಂದುತ್ತದಾ. ಮೂರು ನಾಲ್ಕು ಪುಟ ಸಾಕು. ಮುಂದೆ ಕೆಲಸ ನಿಮಗೇ ಕೊಟ್ಟರೆ ಆ ದುಡ್ಡನ್ನು ಒಟ್ಟು ಫೀಸಿನಲ್ಲಿ ಕಳೆಯಿರಿ. ಕೊಡದಿದ್ದರೂ ವರದಿ ಅವರಿಗೆ ಉಪಯೋಗಕ್ಕೆ ಬರುತ್ತದೆ, ನಿಮ್ಮ ಕೂಲಿ ನಿಮಗೆ ಬಂದಿರುತ್ತದೆ.

ಮೇಜು_ದೀಪ
ಇದು ಒಪ್ಪಿದೆ. ಆದರೆ ಅವರು ವರದಿಗೂ ದುಡ್ಡು ಕೊಡಲ್ಲ ಅಂದರೆ?

ಟಿ_ಸ್ಕ್ವೇರ್
ಅಂದರೆ ಫೀಸ್ ಕೊಡುವಾಗಲೂ ಹಾಗೇ ಆಗುತ್ತದೆ. ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು.

ಮನೆ_ಕಟ್ಟಿಸಿದವ
ನಾನು ಆರ್ಕಿಟೆಕ್ಟ್ ಅಲ್ಲ, ಮನೆ ಕಟ್ಟಿಸಿದವನು. ನಾವು ಯಾಕೆ ಸ್ಕೆಚ್ ಕೇಳುತ್ತೇವೆ ಅಂತ ಇಲ್ಲಿ ಯಾರೂ ಹೇಳಲಿಲ್ಲ. ಪುಕ್ಕಟೆ ಸಿಗಲಿ ಅಂತಲ್ಲ, ಭಯಕ್ಕೆ. ಜೀವಮಾನದ ಉಳಿತಾಯ ಹಾಕುತ್ತಿರುತ್ತೇವೆ. ಎದುರಿಗೆ ಕೂತವರು ನಮ್ಮ ಮಾತು ಕೇಳಿಸಿಕೊಳ್ಳುತ್ತಾರಾ, ತಮಗೆ ಬೇಕಾದ್ದನ್ನು ಕಟ್ಟುತ್ತಾರಾ, ಹೇಗೆ ಗೊತ್ತಾಗಬೇಕು? ಪ್ಲಾನ್ ಓದಲು ನಮಗೆ ಬರುವುದಿಲ್ಲ, ಅದಕ್ಕೇ ತ್ರೀಡಿ ಕೇಳುವುದು.

ಕೊನೆಗೆ ನಾವು ಆರಿಸಿದ್ದು ಯಾರನ್ನು ಗೊತ್ತಾ? ಸ್ಕೆಚ್ ಕೊಡದವರನ್ನೇ. ಅವರು ಬೇರೊಂದು ಮನೆಯ ಪೂರ್ತಿ ಡ್ರಾಯಿಂಗ್ ಕಟ್ಟು ತಂದು ಮೇಜಿನ ಮೇಲೆ ಬಿಡಿಸಿದರು. ಒಂದು ಕಿಟಕಿಗೆ ಎಷ್ಟು ಗೆರೆ ಬೇಕು ಅಂತ ತೋರಿಸಿದರು: ಚೌಕಟ್ಟು ಗೋಡೆಗೆ ಹೇಗೆ ಸೇರುತ್ತದೆ, ಕೆಳಗಿನ ಕಲ್ಲು ಹೊರಕ್ಕೆ ಯಾಕೆ ಇಳಿಜಾರಾಗಿದೆ, ಆ ಕಲ್ಲಿನ ಅಡಿಯಲ್ಲಿ ಸಣ್ಣ ಗೀರು ಯಾಕೆ ಕೊರೆಯಬೇಕು. ನೀರು ಆ ಗೀರು ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಹರಿಯುವುದಿಲ್ಲ ಅಂದರು. ಆಮೇಲೆ ನಮ್ಮ ದಿನಚರಿ ಕೇಳಿದರು, ಯಾರು ಎಷ್ಟು ಗಂಟೆಗೆ ಏಳುತ್ತೀರಿ ಅಂತ. ನಂಬಿಕೆ ಅಲ್ಲೇ ಬಂತು.

ಹೊಸಗೆರೆ
@ಮನೆ_ಕಟ್ಟಿಸಿದವ ತುಂಬಾ ಧನ್ಯವಾದ ಸರ್. ನನ್ನ ಹತ್ತಿರ ಇರುವುದು ಹಳೇ ಆಫೀಸಿನ ಡ್ರಾಯಿಂಗ್ ಮಾತ್ರ. ಅದನ್ನು ತೋರಿಸಬಹುದಾ?

ಇಬ್ಬರ_ಕಚೇರಿ
ಹಳೇ ಆಫೀಸಿನ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಡ್ರಾಯಿಂಗಿನ ಹಕ್ಕು ಸಾಮಾನ್ಯವಾಗಿ ಆಫೀಸಿನದ್ದು. ಒಪ್ಪಿದರೆ, ಯಾವ ಆಫೀಸಿನ ಕೆಲಸ, ಅದರಲ್ಲಿ ನಿಮ್ಮ ಪಾತ್ರವೇನು ಅಂತ ಪ್ರತಿ ಹಾಳೆಯ ಕೆಳಗೆ ಬರೆಯಿರಿ. "ಬಾಗಿಲು ಕಿಟಕಿ ಡೀಟೇಲ್ ಮಾಡಿದ್ದು ನಾನು" ಅಂತ ನೇರವಾಗಿ ಹೇಳಿದರೆ ಮರ್ಯಾದೆ ಹೆಚ್ಚುತ್ತದೆ. ಬರೀ ಟಾಯ್ಲೆಟ್ ಡೀಟೇಲ್ ಮಾಡಿದೆ ಅಂತ ಕೊರಗಬೇಡಿ. ಮನೆಯಲ್ಲಿ ಸೋರುವುದು ಟಾಯ್ಲೆಟ್ಟೇ.

ಗಾರೆ_ಕೆಲಸ
ಕಂಟ್ರಾಕ್ಟರ್ ಕಡೆಯಿಂದ ಒಂದು ಮಾತು. ಸಣ್ಣ ಆಫೀಸುಗಳಿಂದ ತ್ರೀಡಿ ಬರುತ್ತದೆ, ಸೆಕ್ಷನ್ (ಕಟ್ಟಡವನ್ನು ಸೀಳಿ ಒಳಗಿನ ಎತ್ತರ ತೋರಿಸುವ ಡ್ರಾಯಿಂಗ್) ಬರುವುದಿಲ್ಲ. ಎಲಿವೇಶನ್, ಅಂದರೆ ಹೊರನೋಟ, ಬಣ್ಣಬಣ್ಣವಾಗಿರುತ್ತದೆ, ಬಾಗಿಲು ಕಿಟಕಿ ಮೇಲಿನ ಲಿಂಟಲ್ ಎಷ್ಟು ಎತ್ತರದಲ್ಲಿ ಅಂತ ಬರೆದಿರುವುದಿಲ್ಲ. ಆಮೇಲೆ ಸೈಟಿನಲ್ಲಿ ಮೇಸ್ತ್ರಿ ತನಗೆ ತೋಚಿದಂತೆ ಕಟ್ಟುತ್ತಾನೆ, ಬೈಸಿಕೊಳ್ಳುವವನು ನಾನು. ತ್ರೀಡಿಗೆ ಹಾಕುವ ಸಮಯದಲ್ಲಿ ಅರ್ಧವನ್ನು ಮೆಟ್ಟಿಲಿನ ಸೆಕ್ಷನ್‌ಗೆ ಹಾಕಿ, ನಿಮ್ಮ ಹೆಸರು ತಾನಾಗಿ ಹರಡುತ್ತದೆ. ನಮ್ಮಂಥವರೂ ನಿಮಗೆ ಕೆಲಸ ಕಳಿಸುತ್ತೇವೆ, ಮರೆಯಬೇಡಿ.

ಕಬ್ಬಿಣ_ಕಂಬಿ
+1. ಸ್ಟ್ರಕ್ಚರಲ್ ಎಂಜಿನಿಯರ್ ಆಗಿ ನನ್ನದೂ ಇದೇ ಗೋಳು.

ಲೆಕ್ಕದ_ಪುಸ್ತಕ
ಫೀಸ್ ಪ್ರಶ್ನೆಗೆ ಬರೋಣ. ಶೇಕಡಾವೋ ಮೊತ್ತವೋ ಅನ್ನುವ ಮೊದಲು ನಿಮ್ಮ ಒಂದು ಗಂಟೆಗೆ ಎಷ್ಟು ಖರ್ಚು ಅಂತ ಗೊತ್ತಿರಬೇಕು. ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ 2,080 ಗಂಟೆ. ರಜೆ, ಕಾಯಿಲೆ ಎಲ್ಲಾ ಕಳೆದರೆ ಸುಮಾರು 1,800. ಒಬ್ಬರೇ ನಡೆಸುವವರು ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯನ್ನು ಮಾತ್ರ ಬಿಲ್ ಮಾಡಬಹುದು ಅಂತ ಇಟ್ಟುಕೊಳ್ಳಿ. ಸುಮಾರು 1,000. ಉಳಿದದ್ದು ಫೋನ್, ಮೇಲ್, ಹೊಸ ಕೆಲಸ ಹುಡುಕುವುದು, ಲೆಕ್ಕಪತ್ರ, ಬಾರದ ದುಡ್ಡಿನ ಹಿಂದೆ ಓಡಾಟ.

ವರ್ಷಕ್ಕೆ ನಿಮಗೆ ಬೇಕಾದ ಸಂಬಳ, ಬಾಡಿಗೆ, ಸಾಫ್ಟ್‌ವೇರ್, ವಿಮೆ, ಸ್ವಲ್ಪ ಲಾಭ, ಎಲ್ಲಾ ಕೂಡಿಸಿ ಆ 1,000ದಿಂದ ಭಾಗಿಸಿ. ಬರುವ ಸಂಖ್ಯೆ ನೋಡಿ ಹೆಚ್ಚಿನವರು ಬೆಚ್ಚುತ್ತಾರೆ. ಸಂಬಳದ ಎರಡೂವರೆಯಿಂದ ಮೂರು ಪಟ್ಟು ಅನ್ನುವುದು ಈ ಕಸುಬಿನ ಹಳೇ ಲೆಕ್ಕ, ಅದು ಸುಮ್ನೆ ಬಂದದ್ದಲ್ಲ.

ಇನ್ನು ಅಡ್ವಾನ್ಸ್. ಅದು ಬ್ಯಾಂಕಿಗೆ ಬಂದ ದಿನ ನಿಮ್ಮ ದುಡ್ಡಾಗುವುದಿಲ್ಲ. ಆ ಕೆಲಸ ಮಾಡಿ ಮುಗಿಸುವವರೆಗೆ ಅದು ಕ್ಲೈಂಟಿಗೆ ಕೊಡಬೇಕಾದ ಬಾಕಿ. ಒಬ್ಬರ ಅಡ್ವಾನ್ಸಿನಲ್ಲಿ ಇನ್ನೊಬ್ಬರ ಡ್ರಾಯಿಂಗ್ ಮುಗಿಸುವ ಅಭ್ಯಾಸಕ್ಕೆ ಬಿದ್ದ ಆಫೀಸು, ಹೊಸ ಕೆಲಸ ನಿಂತ ತಿಂಗಳೇ ಬಾಗಿಲು ಹಾಕುತ್ತದೆ. ಹೊರಡುವ ಮೊದಲು ಆರು ತಿಂಗಳ ಖರ್ಚು ಪಕ್ಕಕ್ಕಿಡಿ.

ಮೇಜು_ದೀಪ
ಲೆಕ್ಕ ಸರಿ. ಆದರೂ ಕ್ಲೈಂಟಿಗೆ ಹೇಳಲು ಶೇಕಡಾ ಲೆಕ್ಕವೇ ಸುಲಭ. ಕಟ್ಟುವ ಖರ್ಚಿನ ಇಂತಿಷ್ಟು ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಕೆಲಸ ಬೆಳೆದರೆ ಫೀಸೂ ಬೆಳೆಯುತ್ತದೆ.

ಸೈಟಿನವಳು
ಅದೇ ತೊಂದರೆ. ದುಬಾರಿ ಕಲ್ಲು ಹಾಕಿಸಿ ಅಂತ ನೀವು ಹೇಳಿದಾಗ ಕ್ಲೈಂಟ್ ತಲೆಯಲ್ಲಿ ಏನು ಓಡುತ್ತದೆ? ಖರ್ಚು ಏರಿಸಿದರೆ ಇವರಿಗೆ ಲಾಭ ಅಂತ. ನೀವು ಕಷ್ಟಪಟ್ಟು ಖರ್ಚು ಇಳಿಸಿದರೆ ನಿಮ್ಮ ಫೀಸೇ ಇಳಿಯುತ್ತದೆ. ಯಾವ ನ್ಯಾಯ ಇದು?

ಫ್ರಾನ್ಸಿನ ಆರ್ಕಿಟೆಕ್ಟ್‌ಗಳಾದ ಲಕಾಟೋನ್ ಮತ್ತು ವಸಾಲ್ ಅವರು ಅಲ್ಲಿನ ಬೋರ್ಡೋ ನಗರದ ಚೌಕದಲ್ಲಿ ಮಾಡಿದ ಕೆಲಸ ನೆನಪಿದೆಯಾ? 1996ರಲ್ಲಿ ಲಿಯೋನ್ ಒಕೋಕ್ ಚೌಕವನ್ನು ಚೆಂದ ಮಾಡಿ ಅಂತ ಅವರಿಗೆ ವಹಿಸಿದ್ದರು. ಅವರು ಅಲ್ಲಿ ಓಡಾಡಿ, ಜನರನ್ನು ಮಾತಾಡಿಸಿ, ಈ ಜಾಗ ಈಗಲೇ ಚೆನ್ನಾಗಿದೆ, ಜಲ್ಲಿ ಬದಲಿಸಿ, ಮರಗಳನ್ನು ನೋಡಿಕೊಳ್ಳಿ, ಆಗಾಗ ಗುಡಿಸಿ, ಅಷ್ಟೇ ಸಾಕು ಅಂದರು. 2021ರಲ್ಲಿ ಆರ್ಕಿಟೆಕ್ಟ್‌ಗಳ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು ಅವರಿಗೆ. ಇಂಥ ಸಲಹೆಗೆ ಶೇಕಡಾ ಲೆಕ್ಕದಲ್ಲಿ ಎಷ್ಟು ಸಿಗುತ್ತದೆ? ನಾಲ್ಕು ಗಾಡಿ ಜಲ್ಲಿಯ ಶೇಕಡಾ ಇಷ್ಟು ಅಂತಲಾ? "ಕಟ್ಟಬೇಡಿ" ಅಂತ ಹೇಳುವುದಕ್ಕೂ ದುಡ್ಡು ಸಿಗುವಂತಿರಬೇಕು ನಮ್ಮ ಫೀಸು.

ಟಿ_ಸ್ಕ್ವೇರ್
ಈ ಮಾತಿಗೆ ಪೂರ್ತಿ ಸಹಮತ.

ಕೊನೇ_ಸೆಮಿಸ್ಟರ್
ಸಂಘದವರು ಇಂತಿಷ್ಟು ಅಂತ ರೇಟ್ ಕಟ್ಟಿಬಿಟ್ಟರೆ ಆಗಲ್ವಾ? ಎಲ್ಲರೂ ಒಂದೇ ಫೀಸ್ ಹೇಳಬಹುದು.

ಇಬ್ಬರ_ಕಚೇರಿ
@ಕೊನೇ_ಸೆಮಿಸ್ಟರ್ ಹಿಂದೆ ಹಾಗೇ ಇತ್ತು, ಬಹಳ ಕಡೆ ಕಾನೂನು ಅಡ್ಡ ಬಂತು. ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಘದ ಮೇಲೆ ಅಲ್ಲಿನ ಸರ್ಕಾರವೇ ಕೋರ್ಟಿಗೆ ಹೋಗಿತ್ತು. 1972ರಲ್ಲಿ ಒಮ್ಮೆ, 1990ರಲ್ಲಿ ಇನ್ನೊಮ್ಮೆ ರಾಜಿಪತ್ರಕ್ಕೆ ಸಹಿಯಾಯಿತು. ಜರ್ಮನಿಯಲ್ಲಿ ಕನಿಷ್ಠ ಗರಿಷ್ಠ ಫೀಸ್ ಕಾನೂನಿನಲ್ಲೇ ಇತ್ತು. 2019ರಲ್ಲಿ ಯುರೋಪಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಯಾರೋ ರೇಟ್ ಕಟ್ಟಿಕೊಡುತ್ತಾರೆ ಅಂತ ಕಾಯುವುದಕ್ಕಿಂತ ಮೇಲೆ ಹೇಳಿದ ಗಂಟೆ ಲೆಕ್ಕ ಕಲಿಯುವುದು ವಾಸಿ.

ನಮ್ಮದು ಹಂತ ಹಂತದ ಮೊತ್ತ. ಹಳೇ ಅಮೆರಿಕನ್ ರೂಢಿಯಲ್ಲಿ ಮೊದಲ ಯೋಚನೆಗೆ 15%, ಅದನ್ನು ಬೆಳೆಸಲು 20%, ಕಟ್ಟಲು ಬೇಕಾದ ವರ್ಕಿಂಗ್ ಡ್ರಾಯಿಂಗಿಗೆ 40%, ಟೆಂಡರಿಗೆ 5%, ಕಟ್ಟುವಾಗಿನ ಕೆಲಸಕ್ಕೆ 20%. ನಾವು ಮೊದಲ ಹಂತಕ್ಕೆ ಇನ್ನೂ ಜಾಸ್ತಿ ಹಾಕುತ್ತೇವೆ, ಯಾಕೆ ಅಂತ ಟಿ_ಸ್ಕ್ವೇರ್ ಹೇಳಿದ್ದಾರೆ. ಒಂದು ಹಂತದ ದುಡ್ಡು ಬಂದ ಮೇಲೆಯೇ ಮುಂದಿನ ಹಂತ. ಹಂತಗಳಿಗೆ ಹೆಸರು ಹುಡುಕುತ್ತಿದ್ದರೆ ಬ್ರಿಟನ್ನಿನ ಆರ್ಕಿಟೆಕ್ಟ್‌ಗಳ ಸಂಸ್ಥೆ ರೀಬಾದ (RIBA) ಪ್ಲಾನ್ ಆಫ್ ವರ್ಕ್ ನೋಡಿ. 1963ರಿಂದ ಇದೆ, ಈಗ 0ಯಿಂದ 7ರವರೆಗೆ ಎಂಟು ಹಂತ. ಪ್ರತಿ ಹಂತದ ಕೊನೆಗೆ ಏನು ಕೈಗೆ ಬಂದಿರಬೇಕು ಅನ್ನುವುದು ಅದರಲ್ಲಿ ಸ್ಪಷ್ಟವಾಗಿದೆ.

ಮೇಜು_ದೀಪ
ಹಂತ ಸರಿ, ಬದಲಾವಣೆಗೆ ಏನು ಮಾಡುತ್ತೀರಿ? ನನ್ನ ದುಡ್ಡು ಸೋರುವುದೇ ಅಲ್ಲಿ. "ಮೆಟ್ಟಿಲು ಒಂಚೂರು ಆಚೆ ಹೋಗಲಿ" ಅನ್ನುತ್ತಾರೆ. ಒಂದು ಗೆರೆ ಅಳಿಸಿ ಇನ್ನೊಂದು ಎಳೆದರೆ ಆಯಿತು ಅಂತ ಅವರ ಎಣಿಕೆ.

ಸೈಟಿನವಳು
ಅದಕ್ಕೆ ನಾನು ಒಂದು ಹಾಳೆಯಲ್ಲಿ ಬರೆದು ತೋರಿಸುತ್ತೇನೆ. ವರ್ಕಿಂಗ್ ಡ್ರಾಯಿಂಗ್ ಆದ ಮೇಲೆ ಮೆಟ್ಟಿಲು ಒಂದು ಮೀಟರ್ ಸರಿದರೆ ಏನೇನಾಗುತ್ತದೆ? ಎರಡೂ ಮಹಡಿಯ ಪ್ಲಾನ್ ಬದಲು. ಸ್ಲ್ಯಾಬಿನ ತೂತು ಸರಿಯುತ್ತದೆ, ಅದರ ಅಂಚಿನ ಬೀಮ್ ಜಾಗ ಬಿಡುತ್ತದೆ, ಎಂಜಿನಿಯರ್ ಮತ್ತೆ ಲೆಕ್ಕ ಹಾಕಬೇಕು. ಲ್ಯಾಂಡಿಂಗ್ ಕೆಳಗೆ ಟಾಯ್ಲೆಟ್ ಇತ್ತು, ಈಗ ಅಲ್ಲಿ ತಲೆ ತಾಗುತ್ತದೆ. ಟಾಯ್ಲೆಟ್ ಹೊರಟರೆ ಪೈಪಿನ ಡಕ್ಟ್ ಹೊರಟಿತು. ಡಕ್ಟ್ ಮೇಲಿನ ಮಹಡಿಯಲ್ಲಿ ಮಲಗುವ ಕೋಣೆಯ ಕಪಾಟಿನೊಳಗೆ ಹೋಗಿ ನಿಲ್ಲುತ್ತದೆ. ಲ್ಯಾಂಡಿಂಗಿನ ಕಿಟಕಿ, ಎಲಿವೇಶನ್, ಲೈಟ್ ಪಾಯಿಂಟ್, ಬಾಗಿಲಿನ ಶೆಡ್ಯೂಲ್, ಎಲ್ಲಾ ಮತ್ತೆ ಮಾಡಬೇಕು.

ಈ ಪಟ್ಟಿ ನೋಡಿದ ಮೇಲೆ ಹೆಚ್ಚಿನವರು ತಾವಾಗಿಯೇ "ಇದಕ್ಕೆ ಎಷ್ಟಾಗುತ್ತದೆ" ಅಂತ ಕೇಳುತ್ತಾರೆ. ಕೆಲವರು "ಬೇಡ, ಇರಲಿ ಬಿಡಿ" ಅನ್ನುತ್ತಾರೆ. ಜಗಳವೇ ಬೇಡ. ಕರಾರಿನಲ್ಲಿ ಮಾತ್ರ ಮೊದಲೇ ಇರಬೇಕು: ಹಂತಕ್ಕೆ ಸಹಿ ಬಿದ್ದ ಮೇಲಿನ ಬದಲಾವಣೆಗೆ ಗಂಟೆ ಲೆಕ್ಕ.

ಕಬ್ಬಿಣ_ಕಂಬಿ
ಎಂಜಿನಿಯರಿಗೂ ಗಂಟೆ ಲೆಕ್ಕ ಅಂತ ಸೇರಿಸಿ ದಯವಿಟ್ಟು 🙏

ಮನೆ_ಕಟ್ಟಿಸಿದವ
ಪರಿಚಯದವರ ಹತ್ತಿರ ಕರಾರು ಕೇಳಿದರೆ ನಂಬಿಕೆ ಇಲ್ಲ ಅಂದುಕೊಳ್ಳುವುದಿಲ್ಲವಾ?

ಟಿ_ಸ್ಕ್ವೇರ್
ಪರಿಚಯದವರಿಗೇ ಕರಾರು ಜಾಸ್ತಿ ಬೇಕು ಸರ್. ಅಮೆರಿಕದ ಫಾರ್ನ್ಸ್‌ವರ್ತ್ ಹೌಸ್ ನೋಡಿ. ಮೀಸ್ ವಾನ್ ಡೆರ್ ರೋ ಅಂಥ ಹೆಸರಾಂತ ಆರ್ಕಿಟೆಕ್ಟ್ ಕೆಲಸ. ಮನೆ ಕಟ್ಟಿಸಿದ ಡಾಕ್ಟರ್ ಮೇಡಂ ಫಾರ್ನ್ಸ್‌ವರ್ತ್, ಮೀಸ್ ಇಬ್ಬರೂ ಸ್ನೇಹದಲ್ಲೇ ಶುರು ಮಾಡಿದ್ದು. ಫೀಸಿನ ಬಗ್ಗೆ ಬರಹದಲ್ಲಿ ಕರಾರು ಇರಲಿಲ್ಲ. ಖರ್ಚು ಏರುತ್ತಾ ಹೋಯಿತು. 1951ರಲ್ಲಿ ಮನೆ ಮುಗಿಯುವ ಹೊತ್ತಿಗೆ ಮಾತು ಕೆಟ್ಟು ಇಬ್ಬರೂ ಕೋರ್ಟಿನಲ್ಲಿ. ಆ ಮನೆ ನೋಡಲು ಇವತ್ತೂ ಜನ ಹೋಗುತ್ತಾರೆ. ಆದರೆ ಆ ಸ್ನೇಹ ಮತ್ತೆ ಕೂಡಲಿಲ್ಲ.

ಕೊನೇ_ಸೆಮಿಸ್ಟರ್
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಆಸ್ಟ್ರೇಲಿಯಾದ ಆರ್ಕಿಟೆಕ್ಟ್ ಗ್ಲೆನ್ ಮರ್ಕಟ್ ಒಬ್ಬರೇ ಕೂತು, ಯಾರನ್ನೂ ಇಟ್ಟುಕೊಳ್ಳದೆ ಕೆಲಸ ಮಾಡಿ 2002ರಲ್ಲಿ ಪ್ರಿಟ್ಜ್‌ಕರ್ ತೆಗೆದುಕೊಂಡರು. ಅಂದರೆ ಒಬ್ಬರೇ ಇದ್ದರೂ ದೊಡ್ಡ ಕೆಲಸ ಮಾಡಬಹುದು ಅಲ್ವಾ?

ಇಬ್ಬರ_ಕಚೇರಿ
ಒಂದು ತಿದ್ದುಪಡಿ. ಅವರದು ಒಬ್ಬರ ಆಫೀಸು ನಿಜ, ಆದರೆ ದೊಡ್ಡ ಕೆಲಸ ಬಂದಾಗ ಬೇರೆ ಆರ್ಕಿಟೆಕ್ಟ್‌ಗಳ ಜೊತೆ ಸೇರಿ ಮಾಡಿದ್ದಾರೆ. ಆರ್ಥರ್ ಮತ್ತು ಇವೋನ್ ಬಾಯ್ಡ್ ಕಲಾ ಕೇಂದ್ರ ವೆಂಡಿ ಲೂಯಿನ್ ಮತ್ತು ರೆಗ್ ಲಾರ್ಕ್ ಜೊತೆ ಮಾಡಿದ್ದು. ಹೊಸಗೆರೆಯವರಿಗೂ ಇದು ಒಳ್ಳೆಯ ದಾರಿ. ಸಂಬಳದ ಜನರನ್ನು ಅವಸರದಲ್ಲಿ ಇಟ್ಟುಕೊಳ್ಳಬೇಡಿ, ಕೆಲಸ ದೊಡ್ಡದಾದರೆ ಇನ್ನೊಂದು ಸಣ್ಣ ಆಫೀಸಿನ ಜೊತೆ ಕೈಜೋಡಿಸಿ. ಆದರೆ ಯಾರ ಹೆಸರು ಎಲ್ಲಿ ಬರುತ್ತದೆ ಅಂತ ಮೊದಲೇ ಬರೆದುಕೊಳ್ಳಿ. 1991ರಲ್ಲಿ ಪ್ರಿಟ್ಜ್‌ಕರ್ ಅಮೆರಿಕದ ಆರ್ಕಿಟೆಕ್ಟ್ ರಾಬರ್ಟ್ ವೆಂಚುರಿ ಒಬ್ಬರಿಗೇ ಹೋಯಿತು, ಜೊತೆಯಲ್ಲೇ ದುಡಿದ ಹೆಂಡತಿ ಡೆನಿಸ್ ಸ್ಕಾಟ್ ಬ್ರೌನ್ ಹೆಸರು ಬಿಟ್ಟುಹೋಯಿತು. ನಾವೂ ಗಂಡ ಹೆಂಡತಿ ಸೇರಿ ನಡೆಸುವವರು. ಮೀಟಿಂಗಿನಲ್ಲಿ ಸ್ಟ್ರಕ್ಚರ್ ಪ್ರಶ್ನೆ ಬಂದರೆ ಇವತ್ತಿಗೂ ಎಲ್ಲರೂ ನನ್ನ ಗಂಡನ ಮುಖ ನೋಡುತ್ತಾರೆ. ಉತ್ತರ ಗೊತ್ತಿರುವುದು ನನಗೆ.

ಸೈಟಿನವಳು
ಈ ಕೊನೇ ಸಾಲು 💯

ಟಿ_ಸ್ಕ್ವೇರ್
ಪ್ರಶಸ್ತಿ ನೋಡಿ ಆಫೀಸ್ ನಡೆಸಬೇಡಿ. ಅಮೆರಿಕದ ಹೆಸರಾಂತ ಆರ್ಕಿಟೆಕ್ಟ್ ಲೂಯಿ ಕಾನ್ 1974ರಲ್ಲಿ ತೀರಿಕೊಂಡಾಗ ಅವರ ಆಫೀಸು ಸಾಲದಲ್ಲಿ ಮುಳುಗಿತ್ತು. ಅಂಥ ಕಟ್ಟಡ ಕಟ್ಟಿದವರ ಆಫೀಸು!

ಮೇಜು_ದೀಪ
ಕಾನ್ ಲೆಕ್ಕ ಹಾಕುತ್ತಾ ಕೂತಿದ್ದರೆ ಅವರ ಸಾಕ್ ಇನ್‌ಸ್ಟಿಟ್ಯೂಟ್ ಕಟ್ಟಡ ಆಗುತ್ತಿತ್ತಾ?

ಲೆಕ್ಕದ_ಪುಸ್ತಕ
ಲೆಕ್ಕ ಬೇರೆ ಯಾರಾದರೂ ಹಾಕಿದ್ದರೂ ಆಗುತ್ತಿತ್ತು. ಡಿಸೈನ್ ಮಾಡುವವರೇ ಬಿಲ್ ಕಳಿಸಬೇಕು ಅಂತ ಎಲ್ಲೂ ಬರೆದಿಲ್ಲ. ಆದರೆ ಯಾರಾದರೊಬ್ಬರು ಕಳಿಸಲೇಬೇಕು.

ಕೊನೇ_ಸೆಮಿಸ್ಟರ್
ಇನ್ನೊಂದು ಪ್ರಶ್ನೆ. ಓದು ಮುಗಿದ ಮೇಲೆ ಹೆಸರಾಂತ ಆಫೀಸಿನಲ್ಲಿ ಸಂಬಳವಿಲ್ಲದೆ ಇಂಟರ್ನ್ ಆಗಲಾ, ಸಣ್ಣ ಆಫೀಸಿನಲ್ಲಿ ಸಂಬಳಕ್ಕೆ ಸೇರಲಾ?

ಸೈಟಿನವಳು
ಸಂಬಳ ಕೊಡುವ ಕಡೆ ಹೋಗಿ. 2019ರಲ್ಲಿ ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿಯವರು ಪ್ರತಿ ಬೇಸಿಗೆಗೆ ಕಟ್ಟಿಸುವ ಪೆವಿಲಿಯನ್ ಸಮಯದಲ್ಲಿ ಇದೇ ದೊಡ್ಡ ಗಲಾಟೆಯಾಗಿ, ಆ ಕೆಲಸದಲ್ಲಿರುವ ಎಲ್ಲರಿಗೂ ಸಂಬಳ ಕೊಡಲೇಬೇಕು ಅಂತ ಗ್ಯಾಲರಿಯವರು ಹೇಳಬೇಕಾಯಿತು. ಮುಂದೆ ಸ್ವಂತ ಆಫೀಸ್ ಮಾಡುವ ಆಸೆ ಇದ್ದರೆ, ಒಂದೇ ಕಟ್ಟಡವನ್ನು ಸ್ಕೆಚ್‌ನಿಂದ ಬೀಗದ ಕೈ ಕೊಡುವವರೆಗೆ ನೋಡಲು ಬಿಡುವ ಆಫೀಸ್ ಹುಡುಕಿ. ಸಣ್ಣ ಕಡೆಯೇ ಅದು ಸಿಗುವುದು.

ಗಾರೆ_ಕೆಲಸ
ಸೈಟಿಗೆ ಕಳಿಸುವ ಆಫೀಸಾ ಅಂತ ಇಂಟರ್‌ವ್ಯೂನಲ್ಲೇ ಕೇಳಿ.

ಲೆಕ್ಕದ_ಪುಸ್ತಕ
ವಿಮೆ ಬಗ್ಗೆ ಯಾರೂ ಹೇಳಲಿಲ್ಲ. ವೃತ್ತಿ ಹೊಣೆಯ ವಿಮೆ ಸಾಮಾನ್ಯವಾಗಿ ತಪ್ಪು ನಡೆದ ವರ್ಷದ್ದಲ್ಲ, ದೂರು ಬಂದ ವರ್ಷದ್ದು. ಇವತ್ತು ಕಟ್ಟಿದ ಮನೆ ಕೆಲವು ವರ್ಷದ ನಂತರ ಸೋರಿ ದೂರು ಬಂದಾಗ ಪಾಲಿಸಿ ಚಾಲ್ತಿಯಲ್ಲಿ ಇಲ್ಲದಿದ್ದರೆ ವಿಮೆಯವರು ಕೈ ಆಡಿಸುತ್ತಾರೆ. ಆಫೀಸ್ ಮುಚ್ಚಿದ ಮೇಲೂ ಕೆಲವು ವರ್ಷ ಮುಂದುವರಿಸಬೇಕು. ಆ ಖರ್ಚನ್ನೂ ಗಂಟೆ ಲೆಕ್ಕದಲ್ಲಿ ಸೇರಿಸಿ.

ಹೊಸಗೆರೆ
ಎಲ್ಲರಿಗೂ ತುಂಬು ಧನ್ಯವಾದ. ಸುದ್ದಿ ಹೇಳುತ್ತೇನೆ. ನಿಮ್ಮ ಮಾತು ಕೇಳಿ ಅವರಿಗೆ ಪತ್ರ ಬರೆದೆ. ಸ್ಕೆಚ್ ಕೊಡುವುದಿಲ್ಲ, ಜಾಗದ ವರದಿ ಕೊಡುತ್ತೇನೆ, ಅದಕ್ಕೆ ಇಷ್ಟು, ಕೆಲಸ ಕೊಟ್ಟರೆ ಫೀಸಿನಲ್ಲಿ ಕಳೆಯುತ್ತೇನೆ ಅಂತ. ಹಳೇ ಆಫೀಸಿನವರು ಖುಷಿಯಿಂದ ಒಪ್ಪಿಗೆ ಕೊಟ್ಟರು, ಡ್ರಾಯಿಂಗ್ ಕಟ್ಟು ತೆಗೆದುಕೊಂಡು ಹೋಗಿ ತೋರಿಸಿದೆ. ಅವರ ಅಮ್ಮ ಅಡುಗೆಮನೆಯ ಡೀಟೇಲ್ ಹಾಳೆಯನ್ನೇ ಹಿಡಿದು ಕೂತುಬಿಟ್ಟರು. ಡ್ರಾಯರ್ ಎತ್ತರ, ಸಿಂಕಿನ ಪಕ್ಕದ ಜಾಗ, ಒಂದೊಂದೂ ಕೇಳಿದರು. ವರದಿಗೆ ಒಪ್ಪಿದ್ದಾರೆ.

ಉಳಿದಿಬ್ಬರಲ್ಲಿ ಒಬ್ಬರು ಆಗಲೇ ತ್ರೀಡಿ ಕೊಟ್ಟಿದ್ದಾರಂತೆ. ನೋಡೋಣ.

ಈಗ ಕರಾರು ಬರೆಯುತ್ತಿದ್ದೇನೆ. ಮೊದಲ ಹಂತದಲ್ಲಿ ಎರಡು ಪ್ಲಾನ್, ಆರಿಸಿದ್ದಕ್ಕೆ ಎರಡು ಸುತ್ತಿನ ತಿದ್ದುಪಡಿ ಅಂತ ಹಾಕಿದ್ದೇನೆ. ಫೈಲ್ ಪಿಡಿಎಫ್‌ನಲ್ಲಿ ಮಾತ್ರ, ಪೂರ್ತಿ ಫೀಸ್ ಬಂದ ಮೇಲೆ ಬಳಸುವ ಹಕ್ಕು. ಸೈಟ್ ಭೇಟಿಗೆ ಏನು ಬರೆಯಲಿ? "ಬೇಕಾದಾಗ ಬರುತ್ತೇನೆ" ಅಂದರೆ ದಿನಾ ಕರೆಯುತ್ತಾರೆ.

ಇಬ್ಬರ_ಕಚೇರಿ
ಅಭಿನಂದನೆಗಳು! ಎರಡು ಸುತ್ತು ಅಂದರೆ ಏನು ಅಂತಲೂ ಬರೆಯಿರಿ. ಮನೆಯವರೆಲ್ಲ ಕೂತು ಮಾತಾಡಿ ಒಟ್ಟಿಗೆ ಕಳಿಸಿದ ಪಟ್ಟಿಯೇ ಒಂದು ಸುತ್ತು. ದಿನಕ್ಕೊಂದು ಮೆಸೇಜ್ ಕಳಿಸಿದರೆ ಅದು ಸುತ್ತಲ್ಲ.

ಗಾರೆ_ಕೆಲಸ
ಭೇಟಿಗಳನ್ನು ಕೆಲಸದ ಜೊತೆ ಕಟ್ಟಿ, ತಿಂಗಳ ಜೊತೆ ಬೇಡ. ಅಗೆಯುವ ಮೊದಲು ಗುರುತು ಹಾಕಿದಾಗ, ಅಡಿಪಾಯದ ಕಂಬಿ ಕಟ್ಟಿದಾಗ, ಲಿಂಟಲ್ ಮಟ್ಟಕ್ಕೆ, ಪ್ರತಿ ಸ್ಲ್ಯಾಬ್ ಹಾಕುವ ಮೊದಲು, ಗಾರೆ ಮೆತ್ತುವ ಮೊದಲು ಪೈಪ್ ವೈರ್ ನೋಡಲು, ಕೊನೆಗೆ ಬಾಕಿ ಕೆಲಸದ ಪಟ್ಟಿಗೆ. ಇದರ ಮೇಲೆ ಕರೆದರೆ ಭೇಟಿಗೆ ಇಷ್ಟು ಅಂತ ಹಾಕಿ. ಸ್ಲ್ಯಾಬಿಗೆ ಒಂದು ದಿನ ಮುಂಚೆ ನಾವು ತಿಳಿಸುತ್ತೇವೆ.

ಕಬ್ಬಿಣ_ಕಂಬಿ
ಒಂದು ದಿನ ಸಾಲದು, ಎರಡು ದಿನ ಅಂತ ಬರೆಯಿರಿ. ಕಂಬಿ ತಪ್ಪಿದ್ದರೆ ಬಿಚ್ಚಿ ಕಟ್ಟಲು ಸಮಯ ಬೇಕಲ್ಲ. ಕಾಂಕ್ರೀಟ್ ಗಾಡಿ ಬಂದು ನಿಂತ ಮೇಲೆ ಯಾರೂ ಬಿಚ್ಚುವುದಿಲ್ಲ.